ಹಿಂದಿನ ಅಚ್ಚು



ಮೂವತ್ತು ವರ್ಷಗಳಿಗೂ ಮಿಕ್ಕು ಕನ್ನಡ ಪಾಠ ಹೇಳಿದವನು ಮೋಟಾರು ಕಾರಿನ ಹಿಂದಿನ ಅಚ್ಚಿನ ಮೇಲೆ ಮಾತನಾಡಲು ಬಂದಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾದೀತು. ನನ್ನ ಹಳೆಯ ವಿದ್ಯಾರ್ಥಿಗಳಾರಾದರೂ ಕೇಳುತ್ತಿದ್ದರೆ ಅವರಿಗೆ ನಗೆಯೂ ಬಂದೀತು. ಅಚ್ಚು ಎಂಬ ಮಾತಿಗೆ ಕನ್ನಡದಲ್ಲಿ ಅರ್ಥಗಳು ಹಲವು. ಬೆಲ್ಲದ ಅಚ್ಚು, ಮುದ್ರಣದ ಅಚ್ಚು, ಗಾಡಿಯ ಅಚ್ಚು. ಮೊದಲೆರಡರ ರುಚಿಯನ್ನು ನಾನು ಚಿಕ್ಕಂದಿನಿಂದಲೂ ಬಲ್ಲೆ. ಮೂರನೆಯದನ್ನು ಅರಿತುಕೊಂಡದ್ದು ನಿವೃತ್ತನಾದ ಮೇಲೆ, 2019ರಲ್ಲಿ, ಒಂದು ಹಳೆಯ ಕಾರಿನ ಕೆಳಗೆ ಬೆನ್ನು ಹಾಸಿ ಮಲಗಿದಾಗ. ಅಲ್ಲಿ ಕಲಿತದ್ದರಲ್ಲಿ ಯಂತ್ರದ ವಿಷಯ ಸ್ವಲ್ಪ, ನನ್ನ ವಿಷಯ ಸ್ವಲ್ಪ. ಎರಡನ್ನೂ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಎತ್ತಿನ ಗಾಡಿಯಿಂದಲೇ ಮೊದಲುಮಾಡೋಣ. ಗಾಡಿಯ ಎರಡು ಚಕ್ರಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ. ಎತ್ತುಗಳು ಎಳೆಯುವುದು ನೊಗವನ್ನೇ ಹೊರತು ಚಕ್ರವನ್ನಲ್ಲ. ಬೀದಿಯ ತಿರುವಿನಲ್ಲಿ ಹೊರಗಿನ ಚಕ್ರ ಬೇಗ ಉರುಳುತ್ತದೆ, ಒಳಗಿನದು ನಿಧಾನವಾಗಿ ಉರುಳುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಕೀಲೆಣ್ಣೆಯೊಂದಿದ್ದರೆ ಸಾಕು. ಮೋಟಾರು ಕಾರಿನ ಕಷ್ಟವೇ ಬೇರೆ. ಅಲ್ಲಿ ಎಂಜಿನ್ನು ಚಕ್ರಗಳನ್ನೇ ಹಿಡಿದು ತಿರುಗಿಸಬೇಕು. ಹಿಂದಿನ ಎರಡು ಚಕ್ರಗಳನ್ನೂ ಒಂದೇ ಸಲಾಕಿಗೆ ಬಿಗಿದು ತಿರುಗಿಸಿದರೆ ನೇರವಾದ ದಾರಿಯಲ್ಲೇನೋ ಸಾಗಬಹುದು. ತಿರುವು ಬಂದೊಡನೆ ಒಂದು ಚಕ್ರ ದೂರ ಹೋಗಬೇಕು, ಇನ್ನೊಂದು ಹತ್ತಿರವೇ ಉಳಿಯಬೇಕು. ಆಗ ಟೈರು ನೆಲಕ್ಕೆ ಉಜ್ಜಿಕೊಳ್ಳಬೇಕು, ಇಲ್ಲವೆ ಸಲಾಕಿ ತಿರುಚಿಕೊಳ್ಳಬೇಕು.

ಈ ವ್ಯತ್ಯಾಸ ಅಲ್ಪವಾದುದೆಂದು ಭಾವಿಸಬೇಡಿ. ನಾನು ಹೇಳಲಿರುವ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳ ನಡುವಣ ಅಂತರ ಸುಮಾರು 1.28 ಮೀಟರು. ಆ ಕಾರನ್ನು ಅರ್ಧ ವೃತ್ತದಷ್ಟು ತಿರುಗಿಸಿ ಬಂದ ದಾರಿಗೇ ಮುಖಮಾಡಿಸಿದರೆ, ಹೊರಗಿನ ಚಕ್ರ ಒಳಗಿನದಕ್ಕಿಂತ 4 ಮೀಟರು ಹೆಚ್ಚು ನಡೆದಿರುತ್ತದೆ. ತಿರುವು ಇಕ್ಕಟ್ಟಾಗಿರಲಿ ವಿಶಾಲವಾಗಿರಲಿ, ಲೆಕ್ಕ ಮಾತ್ರ ಅಷ್ಟೇ. ಚಕ್ರವೊಂದು ಸುತ್ತಿಗೆ ಸುಮಾರು 1.85 ಮೀಟರು ನಡೆಯುತ್ತದೆಯಾದ್ದರಿಂದ, ಒಂದು ಸಲ ಹಿಂತಿರುಗುವಷ್ಟರಲ್ಲಿ ಒಂದು ಚಕ್ರ ತನ್ನ ಜೊತೆಗಾರನಿಗಿಂತ ಎರಡು ಸುತ್ತಿಗೂ ಮಿಕ್ಕು ಮುಂದಾಗಿರುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಡಿಫರೆನ್ಷಿಯಲ್. ಗಡಿಯಾರದ ಕಸುಬಿನಲ್ಲಿ ಪಳಗಿದ್ದ ಪೆಕರ್ ಎಂಬ ಫ್ರೆಂಚ್ ಯಂತ್ರಜ್ಞ 1820ರ ದಶಕದ ಕೊನೆಯಲ್ಲಿ, ಮೋಟಾರು ಕಾರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ, ಉಗಿಬಂಡಿಗಾಗಿ ಇದರ ಹಕ್ಕುಪತ್ರ ಪಡೆದಿದ್ದ. ಇದರ ರಚನೆಯನ್ನು ಮಾತಿನಲ್ಲಿ ಹೇಳುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದನೆಯ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯಿದೆ. ಅದು ಕ್ರೌನು ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿಗೆ ಬಿಗಿದ ಒಂದು ಗೂಡು. ಗೂಡಿನೊಳಗೆ ಎದುರುಬದುರಾಗಿ ಎರಡು ಪುಟ್ಟ ಗ್ರಹಗಾಲಿಗಳು. ಅವುಗಳ ಎಡಬಲಗಳಲ್ಲಿ, ಚಕ್ರಗಳಿಗೆ ಹೋಗುವ ದಂಡಗಳನ್ನು ಹಿಡಿದ ಎರಡು ಸೂರ್ಯಗಾಲಿಗಳು. ನೇರವಾದ ದಾರಿಯಲ್ಲಿ ಗೂಡೆಲ್ಲವೂ ಒಂದೇ ಮುದ್ದೆಯಾಗಿ ತಿರುಗುತ್ತದೆ. ಗ್ರಹಗಾಲಿಗಳು ತಮ್ಮ ಜಾಗದಲ್ಲಿ ಅಲ್ಲಾಡುವುದಿಲ್ಲ. ತಿರುವು ಬಂದಾಗ ಅವು ಮೆಲ್ಲನೆ ಹೊರಳುತ್ತವೆ. ಒಂದು ಕಡೆ ಕಳೆದ ವೇಗವನ್ನು ಇನ್ನೊಂದು ಕಡೆಗೆ ಕೂಡಿಸುತ್ತವೆ. ವೇಗ ಎಷ್ಟೇ ವಿಷಮವಾದರೂ ತಳ್ಳುವ ಬಲ ಮಾತ್ರ ಎರಡು ಕಡೆಗೂ ಸಮವಾಗಿಯೇ ಹಂಚಿಕೆಯಾಗುತ್ತದೆ. ಈ ಮಾತು ನನಗೆ ಮೊದಲ ಸಲ ಅರ್ಥವಾದಾಗ, ಮಕ್ಕಳಿಗೆ ಆಸ್ತಿ ಹಂಚುವ ಹಿರಿಯರು ಒಮ್ಮೆ ಇದನ್ನು ಬಿಚ್ಚಿ ನೋಡಬೇಕು ಎನಿಸಿತ್ತು.

ಇನ್ನು ಕಾರಿನ ಮಾತು. ನಮ್ಮದು 1957ರ ಮಾರಿಸ್ ಮೈನರ್. ಅಲೆಕ್ ಇಸಿಗೋನಿಸ್ ಎಂಬ ಪ್ರತಿಭಾವಂತನ ಕಲ್ಪನೆಯಲ್ಲಿ ಮೂಡಿ 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಈ ಪುಟ್ಟ ಕಾರು ಅಲ್ಲಿನ ಮಧ್ಯಮ ವರ್ಗದವರ ಮನೆಯ ಕೂಸಾಗಿತ್ತು. 1961ರ ಆರಂಭದ ಹೊತ್ತಿಗೆ ಅದರ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಬ್ರಿಟನ್ನಿನ ಬೇರಾವ ಕಾರೂ ಅದುವರೆಗೆ ಆ ಗಡಿಯನ್ನು ದಾಟಿರಲಿಲ್ಲ. ನಮ್ಮ ದೇಶದಲ್ಲಿಯೂ ಇದರ ಮೊದಲ ಮಾದರಿ ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿಯಿಂದ 'ಬೇಬಿ ಹಿಂದೂಸ್ತಾನ್' ಎಂಬ ಮುದ್ದಿನ ಹೆಸರಿನಲ್ಲಿ ಹೊರಬಂದಿತ್ತು. ನಮ್ಮದು ಆ ಬೇಬಿಯಲ್ಲ, ಅದರ ತರುವಾಯದ್ದು. 948 ಸಿ.ಸಿ. ಎಂಜಿನ್ನು, 37 ಅಶ್ವಶಕ್ತಿ. ಮೂಡಿಗೆರೆಯ ಕಡೆಯ ಕಾಫಿ ತೋಟವೊಂದರ ಇಂಗ್ಲಿಷ್ ಮ್ಯಾನೇಜರು ಊರಿಗೆ ಹಿಂತಿರುಗುವಾಗ, 1964ರಲ್ಲಿ, ತೋಟದ ಲೆಕ್ಕ ಬರೆಯುತ್ತಿದ್ದ ನನ್ನ ತಂದೆಗೆ ಅದನ್ನು ಮಾರಿ ಹೋದರು. ಆಗ ನನಗೆ ಏಳು ವರ್ಷ, ಅಣ್ಣನಿಗೆ ಹನ್ನೊಂದು.

ತಂದೆಯವರು ಕಾರಿನ ವಿಷಯದಲ್ಲಿ ಮಡಿವಂತರು. ವರ್ಷಕ್ಕೊಮ್ಮೆ ಹಿಂದಿನ ಅಚ್ಚಿನ ಎಣ್ಣೆಯನ್ನು ತಾವೇ ಬದಲಾಯಿಸುವರು. ಅದಕ್ಕೆಂದೇ ಒಂದು ಡಬ್ಬಿ ಇತ್ತು. ಡಬ್ಬಿಯ ಮುಚ್ಚಳ ತೆಗೆದರೆ ಗಂಧಕದ ಘಾಟು ಮೂಗಿಗೆ ಬಡಿಯುತ್ತಿತ್ತು. ಅಣ್ಣ ದೀಪ ಹಿಡಿಯುವನು, ನಾನು ಕೊಳವೆ ಹಿಡಿಯುವೆನು. ಒಂದೂವರೆ ಪಿಂಟು, ಎಂದರೆ ಒಂದು ಲೀಟರಿಗೂ ಕಡಮೆ. ಹಿಂಬದಿಯ ತೂತಿನ ಅಂಚಿನವರೆಗೆ ಎಣ್ಣೆ ಬಂದು ಒಂದು ಹನಿ ಹೊರಗೆ ತುಳುಕಿದಾಗ 'ಸಾಕು' ಎನ್ನುವರು. ಆ ಎಣ್ಣೆಯೇ ಏಕೆ, ಬೇರೆ ಎಣ್ಣೆ ಏಕಾಗದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಭಾಷಣದ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಕಾರಣ ಹೀಗಿದೆ. ಈ ಕಾರಿನ ಪಿನಿಯನ್ ಕ್ರೌನಿನ ನಟ್ಟನಡುವೆ ಕೂಡುವುದಿಲ್ಲ. ಅದಕ್ಕಿಂತ ತುಸು ಕೆಳಗೆ ಕೂಡುತ್ತದೆ. ಇಂಥ ಜೋಡಣೆಗೆ ಹೈಪಾಯಿಡ್ ಎಂದು ಹೆಸರು. ಇದರಿಂದ ಉದ್ದನೆಯ ದಂಡ ತಗ್ಗಿನಲ್ಲಿ ಹಾಯ್ದು, ಕಾರಿನ ಒಳನೆಲವನ್ನೂ ತಗ್ಗಿಸಲು ಬರುತ್ತದೆ. ಹಲ್ಲುಗಳು ಸದ್ದಿಲ್ಲದೆ ಓಡುತ್ತವೆ. ಆದರೆ ಹಲ್ಲಿನ ಮೇಲೆ ಹಲ್ಲು ಉರುಳುವುದಷ್ಟೇ ಅಲ್ಲ, ಭಾರೀ ಒತ್ತಡದಲ್ಲಿ ಉದ್ದಕ್ಕೂ ಜಾರುತ್ತದೆ. ಸಾಮಾನ್ಯವಾದ ಎಣ್ಣೆಯ ಪೊರೆ ಆ ಒತ್ತಡವನ್ನು ತಾಳಲಾರದೆ ಹರಿದುಹೋಗುತ್ತದೆ. ಉಕ್ಕು ಉಕ್ಕನ್ನು ಮುಟ್ಟುತ್ತದೆ. ಅದಕ್ಕಾಗಿ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿದ ವಿಶೇಷ ಎಣ್ಣೆ ಬೇಕು. ಅದನ್ನು ಇ.ಪಿ. 90 ಎನ್ನುತ್ತಾರೆ. ಒತ್ತಡದ ಬಿಸಿಯಲ್ಲಿ ಆ ಸಂಯುಕ್ತಗಳು ಉಕ್ಕಿನೊಡನೆ ಸೇರಿ ಹಲ್ಲಿನ ಮೇಲೆ ತೆಳುವಾದೊಂದು ಕವಚವನ್ನು ಕಟ್ಟುತ್ತವೆ. ತಂದೆಯವರ ಡಬ್ಬಿಯ ಘಾಟಿನ ಗುಟ್ಟು ಇದು.

ತಂದೆಯವರು 1991ರಲ್ಲಿ ತೀರಿಕೊಂಡರು. ಊರಿನ ಮನೆ ಹೊಲ ಅಣ್ಣನಿಗೆ, ಕಾರು ನನಗೆ ಎಂದಾಯಿತು. 'ಕಾರು ನಿನ್ನದು, ಆದರೆ ಅಪ್ಪನದು ಅಪ್ಪನದಾಗಿಯೇ ಇರಲಿ' ಎಂದಷ್ಟೇ ಅಣ್ಣ ಹೇಳಿದ. ನಾನು ಅದನ್ನು ಮೈಸೂರಿಗೆ ತಂದೆ. ಐದು ವರ್ಷ ತಂದೆಯವರ ಪದ್ಧತಿಯನ್ನೇ ನಡೆಸಿದೆ. 1996ರಲ್ಲಿ ಒಂದು ರಜೆಯ ದಿನ, ಮರುದಿನವೇ ಊರಿಗೆ ಹೊರಡಬೇಕಾಗಿದ್ದ ಆತುರದಲ್ಲಿ, ಅಂಗಡಿಯಲ್ಲಿ ಆ ಎಣ್ಣೆ ಸಿಗದೆ, ಮನೆಯಲ್ಲಿ ಮಿಕ್ಕಿದ್ದ ಎಂಜಿನ್ನಿನ ಎಣ್ಣೆಯನ್ನೇ ಅಚ್ಚಿಗೆ ಸುರಿದೆ. ಎಣ್ಣೆ ಎಣ್ಣೆಯೇ ಅಲ್ಲವೆ ಎಂದುಕೊಂಡೆ. ಊರಿಗೆ ಹೋಗಿಬಂದ ಮೇಲೆ ಬದಲಾಯಿಸೋಣವೆಂದುಕೊಂಡೆ. ಬದಲಾಯಿಸಲಿಲ್ಲ. ಒಂದು ವರ್ಷ ಎರಡಾಯಿತು. ಛಂದಸ್ಸಿನಲ್ಲಿ ಒಂದು ಮಾತ್ರೆ ತಪ್ಪಿದರೆ ವಿದ್ಯಾರ್ಥಿಯ ಉತ್ತರಪತ್ರಿಕೆಯ ಮೇಲೆ ಕೆಂಪು ಗೀಟು ಎಳೆಯುತ್ತಿದ್ದವನು ನಾನು. ನನ್ನ ತಪ್ಪಿನ ಕೆಳಗೆ ಗೀಟು ಎಳೆಯುವವರು ಯಾರೂ ಇರಲಿಲ್ಲ.

ಎರಡನೆಯ ವರ್ಷದ ಕೊನೆಗೆ ಹಿಂದಿನಿಂದ ಒಂದು ಸ್ವರ ಕೇಳಿಬರತೊಡಗಿತು. ಆಕ್ಸಿಲರೇಟರು ಒತ್ತಿದಾಗ ತಂಬೂರಿಯ ಮಂದ್ರದಂತೆ ಒಂದು ಸದ್ದು. ಕಾಲು ತೆಗೆದಾಗ ಮತ್ತೊಂದು. ಹೆದರಿ ಸರಿಯಾದ ಎಣ್ಣೆಯನ್ನು ತಂದು ತುಂಬಿದೆ. ಆದರೆ ತೇದುಹೋದ ಹಲ್ಲು ಎಣ್ಣೆಯಿಂದ ಮತ್ತೆ ಬೆಳೆಯುವುದಿಲ್ಲ. ಸದ್ದು ಹೆಚ್ಚುತ್ತ ಹೋಯಿತು. ಕಾರಿನ ಓಡಾಟ ಕಡಮೆಯಾಗುತ್ತ ಹೋಯಿತು. ಯಾರು ಕೇಳಿದರೂ 'ವಯಸ್ಸಾಯಿತು, ಪಾಪ' ಎನ್ನುತ್ತಿದ್ದೆ. ಅಣ್ಣ ಕೇಳಿದಾಗಲೂ ಅದನ್ನೇ ಹೇಳಿದೆ. ನಿವೃತ್ತನಾದ ಮೇಲೆ, 2019ರ ಬೇಸಗೆಯಲ್ಲಿ, ಗೇರು ಹಾಕಿ ಕ್ಲಚ್ಚು ಬಿಡುವಾಗ ಹಿಂದೆ 'ಠಣ್' ಎಂದು ಸುತ್ತಿಗೆ ಬಡಿದಂತಾಗತೊಡಗಿತು. ನಮ್ಮ ಮೇಸ್ತ್ರಿ, ಎಪ್ಪತ್ತು ದಾಟಿದ ಹಿರಿಯರು, ಕಾರಿನ ಹಿಂಭಾಗವನ್ನೆತ್ತಿ ದಂಡವನ್ನು ಕೈಯಿಂದ ಅತ್ತಿತ್ತ ಅಲ್ಲಾಡಿಸಿ ನೋಡಿದರು. 'ಸ್ವಾಮಿ, ಕ್ರೌನು ಪಿನಿಯನ್ ಹೋಗಿದೆ. ಇದು ವಯಸ್ಸಿನಿಂದ ಆದದ್ದಲ್ಲ' ಎಂದರು. ನಾನು ಮಾತನಾಡಲಿಲ್ಲ.

ಹೋದದ್ದು ಚಿಕ್ಕ ಪಿನಿಯನ್ ಒಂದೇ ಆಗಿದ್ದರೂ ಅದೊಂದನ್ನೇ ಬದಲಾಯಿಸುವಂತಿಲ್ಲ. ಕ್ರೌನು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದರ ಮೇಲೊಂದನ್ನು ಓಡಿಸಿ, ಉಜ್ಜಿ, ಹೊಂದಿಸಿ ಜೋಡಿಯಾಗಿಯೇ ಹೊರಗೆ ಕಳಿಸುತ್ತಾರೆ. ಒಂದರ ಜೊತೆಗಾತಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಇನ್ನೊಂದು ಸೋಜಿಗವನ್ನು ನೋಡಿ. ನಮ್ಮ ಕಾರಿನ ಪಿನಿಯನ್‌ಗೆ 9 ಹಲ್ಲು, ಕ್ರೌನಿಗೆ 41. ಎರಡಕ್ಕೂ ಸಮಾನವಾದ ಅಪವರ್ತನವಿಲ್ಲ. ಆದ್ದರಿಂದ ಇಂದು ಮುಟ್ಟಿದ ಹಲ್ಲನ್ನೇ ಮತ್ತೆ ಮುಟ್ಟಬೇಕಾದರೆ ಪಿನಿಯನ್ 41 ಸುತ್ತು ಸುತ್ತಬೇಕು; ಅಷ್ಟರಲ್ಲಿ ಅದರ ಪ್ರತಿಯೊಂದು ಹಲ್ಲೂ ಎದುರಿನ ಪ್ರತಿಯೊಂದು ಹಲ್ಲನ್ನೂ ಒಮ್ಮೆ ಸಂಧಿಸಿರುತ್ತದೆ. ಸವೆತ ಯಾವ ಒಂದು ಹಲ್ಲಿನ ಪಾಲಿಗೂ ಹೆಚ್ಚಾಗದೆ ಎಲ್ಲಕ್ಕೂ ಸಮನಾಗಿ ಹಂಚಿಹೋಗಲೆಂದು ಮಾಡಿದ ಏರ್ಪಾಡು ಇದು. ಹಾಗೆಯೇ, ಕೆಟ್ಟ ಎಣ್ಣೆಯ ಪಾಪವೂ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗಿತ್ತು.

ಬದಲಿ ಎಲ್ಲಿ ಸಿಗಬೇಕು? ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆರವಿಗೆ ಬಂದ. ಮೈನರ್ ಕಾರಿನ ತಯಾರಿಕೆ 1970ರ ದಶಕದ ಆರಂಭದಲ್ಲೇ ನಿಂತುಹೋದರೂ ಅದರ ಬಿಡಿಭಾಗಗಳ ವ್ಯಾಪಾರ ಅಲ್ಲಿ ಇಂದಿಗೂ ಚೆನ್ನಾಗಿ ನಡೆದಿದೆ. ಆದರೆ ಸುಲಭವಾಗಿ ದೊರೆತದ್ದು ನಮ್ಮ ಕಾರಿನದಲ್ಲ; 1962ರಿಂದ ಮುಂದೆ 1098 ಸಿ.ಸಿ. ಎಂಜಿನ್ನಿನ ಮೈನರ್‌ಗಳಿಗೆ ಹಾಕುತ್ತಿದ್ದದ್ದು. ಅದರ ಹಲ್ಲುಗಳು 9 ಮತ್ತು 38. ನಮ್ಮದರಲ್ಲಿ ಚಕ್ರ ಒಂದು ಸುತ್ತು ತಿರುಗಲು ದಂಡ 4.55 ಸುತ್ತು ತಿರುಗಬೇಕು, ಹೊಸದರಲ್ಲಿ 4.22 ಸುತ್ತು ಸಾಕು. ಹೊರಗಿನ ಆಕಾರ ಒಂದೇ. ಅದೇ ಚಿಪ್ಪಿನಲ್ಲಿ ಅದೇ ಬೋಲ್ಟುಗಳಿಗೆ ಕೂರುತ್ತದೆ.

ಮೂರು ಹಲ್ಲಿನ ವ್ಯತ್ಯಾಸ ಏನು ಮಾಡೀತು ಎನ್ನುವಿರಾ? ಟಾಪ್ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಮೊದಲು ಗಂಟೆಗೆ 73 ಕಿಲೋಮೀಟರು ಓಡುತ್ತಿದ್ದ ಕಾರು ಈಗ 79 ಕಿಲೋಮೀಟರು ಓಡುತ್ತದೆ. ಪ್ರತಿ ಕಿಲೋಮೀಟರಿಗೂ ಎಂಜಿನ್ನಿಗೆ 180 ಸುತ್ತುಗಳ ಉಳಿತಾಯ. ಬಯಲಿನ ಹೆದ್ದಾರಿಯಲ್ಲಿ ಅದು ದೊಡ್ಡ ನೆಮ್ಮದಿ. ಆದರೆ ಯಂತ್ರಶಾಸ್ತ್ರದಲ್ಲಿ ಪುಕ್ಕಟೆಯಾಗಿ ದೊರೆಯುವ ವಸ್ತು ಯಾವುದೂ ಇಲ್ಲ. ವೇಗದಲ್ಲಿ ಗಳಿಸಿದಷ್ಟನ್ನು ಎಳೆಯುವ ಬಲದಲ್ಲಿ ಕಳೆದುಕೊಳ್ಳಬೇಕು. ನೂರರಲ್ಲಿ ಏಳು ಪಾಲಿನಷ್ಟು ಬಲ ಕಡಮೆಯಾಗುತ್ತದೆ. ಏರಿನಲ್ಲಿ ಅದರ ಬೆಲೆ ತೆರಲೇಬೇಕು.

ಅಣ್ಣನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ಅಪ್ಪ ಚಾರ್ಮಾಡಿ ಘಾಟಿಯನ್ನು ಹತ್ತಿಸುತ್ತಿದ್ದದ್ದು ಆ ಹಲ್ಲಿನಿಂದಲೇ. ಅದನ್ನು ಬದಲಾಯಿಸಿದರೆ ಕಾರು ಇಂಗ್ಲೆಂಡಿನ ರಸ್ತೆಗೆ ಸರಿಹೋದೀತು, ನಮ್ಮ ರಸ್ತೆಗಲ್ಲ' ಎಂದ. ಧರ್ಮಸ್ಥಳಕ್ಕೆ ಹೋಗಿಬರುವಾಗ ಉಜಿರೆಯಿಂದ ಕೊಟ್ಟಿಗೆಹಾರದವರೆಗಿನ ಆ ಏರನ್ನು ನಾವೆಲ್ಲ ಎಷ್ಟು ಸಲ ಹತ್ತಿದ್ದೆವೋ! ಒಂದು ತಿರುವಿನಲ್ಲಿ ಬೆಟ್ಟದಿಂದ ನೀರು ಜಿನುಗುವ ಜಾಗ. ಅಲ್ಲಿ ಕಾರು ನಿಲ್ಲಿಸಿ ರೇಡಿಯೇಟರಿಗೆ ನೀರು ಕುಡಿಸಿ ಮುಂದೆ ಹೊರಟರೆ, ಅದರಾಚೆಯ ಉದ್ದನೆಯ ಏರನ್ನು ತಂದೆಯವರು ಮೂರನೆಯ ಗೇರಿನಲ್ಲೇ ಹತ್ತಿಸುತ್ತಿದ್ದರು. ಅದು ಅವರ ಹೆಮ್ಮೆ. 'ಹಳೆಯದರಂಥದೇ ಸಿಗುವವರೆಗೆ ಕಾಯಬಾರದೆ?' ಎಂದ ಅಣ್ಣ. ಅವನಿಗೆ ಅರುವತ್ತಾರು, ನನಗೆ ಅರುವತ್ತೆರಡು. ಕಾಯುವುದಕ್ಕೆ ಎಷ್ಟು ಕಾಲವಿದೆಯೆಂದು ಹೇಳುವವರಾರು? ನಾನು ಪಾರ್ಸಲ್ಲು ತರಿಸಿದೆ.

ಕೆಲಸ ಎರಡು ದಿನ ಹಿಡಿಯಿತು. ಮೇಸ್ತ್ರಿಗಳು ಮೊದಲ ದಿನವನ್ನು ಬಂದ ಭಾಗದ ಪರೀಕ್ಷೆಗೇ ಮೀಸಲಿಟ್ಟರು. ಹಲ್ಲುಗಳಿಗೆ ಬಣ್ಣದ ಲೇಪವನ್ನು ತೆಳ್ಳಗೆ ಹಚ್ಚಿ ತಿರುಗಿಸಿದರು. ಹಲ್ಲು ಹಲ್ಲನ್ನು ಎಲ್ಲಿ ಮುಟ್ಟುತ್ತದೆಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಗುರುತು ಹಲ್ಲಿನ ನಡುಭಾಗದಲ್ಲಿ ಬಿದ್ದರೆ ಜೋಡಣೆ ಸರಿ. ತುದಿಗೋ ಬುಡಕ್ಕೋ ಸರಿದರೆ ಪಿನಿಯನ್ ತನ್ನ ಜಾಗದಲ್ಲಿಲ್ಲವೆಂದು ಅರ್ಥ. ಹಲ್ಲುಗಳ ನಡುವಣ ಸಡಿಲವನ್ನು ಮುಳ್ಳಿನ ಮಾಪಕದಿಂದ ಅಳೆದು, ಕ್ರೌನಿನ ಬೆನ್ನಿನ ಮೇಲೆ ಕಾರ್ಖಾನೆಯವರು ಕೊರೆದಿದ್ದ ಅಂಕಿಯೊಡನೆ ತಾಳೆ ನೋಡಿದರು. ಪಿನಿಯನ್ ತುದಿಯ ಎಣ್ಣೆತಡೆಯನ್ನು ಹೊಸದಾಗಿ ಹಾಕಿದರು.

ಎರಡನೆಯ ದಿನ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹಿಂಭಾಗವನ್ನು ಎತ್ತಿ, ಭದ್ರವಾದ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದೆವು. ಜ್ಯಾಕೊಂದನ್ನೇ ನಂಬಿ ಕಾರಿನ ಕೆಳಗೆ ನುಗ್ಗಬಾರದು. ಇದನ್ನು ಕೇಳುವ ಯುವಕರು ದಯವಿಟ್ಟು ನೆನಪಿಡಬೇಕು. ಎಣ್ಣೆಯನ್ನು ಬಸಿದೆವು. ತಟ್ಟೆಗೆ ಬಿದ್ದ ಎಣ್ಣೆಯಲ್ಲಿ ಉಕ್ಕಿನ ಪುಡಿ ಬೆಳ್ಳಿಯ ರಜದಂತೆ ಮಿನುಗುತ್ತಿತ್ತು. ಚಕ್ರಗಳನ್ನೂ ಬ್ರೇಕಿನ ಡ್ರಮ್ಮುಗಳನ್ನೂ ತೆಗೆದೆವು. ಈ ಕಾರಿನ ಒಂದು ಸೊಗಸೆಂದರೆ, ಚಕ್ರದ ಭಾರವನ್ನು ಹೊರುವ ಬೇರಿಂಗು ಅಚ್ಚಿನ ಚಿಪ್ಪಿನ ಮೇಲೆಯೇ ಇರುವುದರಿಂದ, ಒಂದು ತಿರುಪುಮೊಳೆ ಕಳಚಿದರೆ ಒಳಗಿನ ದಂಡವನ್ನು ಒರೆಯಿಂದ ಕತ್ತಿ ಹಿರಿದಂತೆ ಹೊರಕ್ಕೆಳೆಯಬಹುದು. ಎರಡು ಕಡೆಯ ದಂಡಗಳೂ ಹೊರಬಂದವು. ಆಮೇಲೆ ಎಂಜಿನ್ನಿನಿಂದ ಬರುವ ದಂಡದ ಸರದಿ. ಬಿಚ್ಚುವ ಮೊದಲು ಎರಡು ತಟ್ಟೆಗಳಿಗೂ ಅಡ್ಡಲಾಗಿ ಮೇಸ್ತ್ರಿಗಳು ಉಳಿಯಿಂದೊಂದು ಗೀರು ಹಾಕಿದರು. ದಂಡದ ತಟ್ಟೆಯ ಮೇಲಿನ ಗೀರು ಇಂದಿಗೂ ಇದೆ. ಅದರ ಜೊತೆಯ ಗೀರು ಹಳೆಯ ಭಾಗದೊಡನೆ ಹೋಯಿತು. ಕೊನೆಗೆ ಸುತ್ತಲಿನ 8 ನಟ್ಟುಗಳು. ಚಿಪ್ಪಿನ ಮುಂಭಾಗದಿಂದ ಡಿಫರೆನ್ಷಿಯಲ್ ಮುದ್ದೆ ಸಡಿಲವಾಗಿ ಹೊರಬಂದಾಗ ಅದನ್ನು ಎದೆಯ ಮೇಲೆ ಹಿಡಿದುಕೊಂಡವನು ನಾನು. ಅದರ ಭಾರಕ್ಕೆ ಉಸಿರು ಕಟ್ಟಿತು. ಬೆಳಕಿಗೆ ತಂದು ನೋಡಿದರೆ, ಕನ್ನಡಿಯಂತಿರಬೇಕಾಗಿದ್ದ ಹಲ್ಲುಗಳ ಮೈ ಉಗುರಿನಿಂದ ಕೆರೆದಂತೆ ಗೀರುಗೀರಾಗಿತ್ತು. ಪಿನಿಯನ್ನಿನ ಒಂದು ಹಲ್ಲಿನ ಅಂಚು ಮುರಿದಿತ್ತು.

ಚಿಪ್ಪಿನ ಒಳಗನ್ನು ತೊಳೆದು, ಹೊಸ ಕಾಗದದ ಗ್ಯಾಸ್ಕೆಟ್ಟು ಇಟ್ಟು, ಹೊಸದನ್ನು ಕೂರಿಸಿದೆವು. 8 ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸುತ್ತ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ದಂಡಗಳ ಗೀರುಹಲ್ಲುಗಳು ಹೊಸ ಸೂರ್ಯಗಾಲಿಗಳಿಗೆ ಸರಿಯಾಗಿ ಹೊಂದಿದವು. ಕೊನೆಗೆ ಎಣ್ಣೆ. ಈ ಸಲ ಡಬ್ಬಿಯ ಮೇಲಿನ ಬರಹವನ್ನು ನಾನು ಎರಡು ಸಲ ಓದಿದೆ. ಮುಚ್ಚಳ ತೆಗೆದು ಮೂಸಿಯೂ ನೋಡಿದೆ. ಐವತ್ತು ವರ್ಷಗಳ ಹಿಂದಿನ ಘಾಟು. ತೂತಿನ ಅಂಚಿನಿಂದ ಒಂದು ಹನಿ ತುಳುಕಿದಾಗ ನನಗರಿವಿಲ್ಲದೆಯೇ 'ಸಾಕು' ಎಂದೆ.

ಬಯಲಿನಲ್ಲಿ ಕಾರು ಹಾಯಾಗಿ ಓಡಿತು. ಹಿಂದಿನ ಮಂದ್ರಸ್ವರ ಅಡಗಿತ್ತು. ಎಂಜಿನ್ನು ಮೊದಲಿನಷ್ಟು ಅರಚುತ್ತಿರಲಿಲ್ಲ. ಆದರೆ ಒಂದು ವಿಚಿತ್ರ ಕಂಡಿತು. ಜೊತೆಯಲ್ಲಿ ಹೋಗುತ್ತಿದ್ದ ಬೇರೆ ಗಾಡಿಗಳು ಹಿಂದೆ ಬೀಳುತ್ತಿದ್ದರೂ ವೇಗದ ಮುಳ್ಳು ಮಾತ್ರ ಮೊದಲಿಗಿಂತ ಕೆಳಗೇ ನಿಂತಿತ್ತು. ಈ ಕಾರಿನಲ್ಲಿ ವೇಗದ ಮುಳ್ಳಿಗೆ ಸುದ್ದಿ ಹೋಗುವುದು ಗೇರುಪೆಟ್ಟಿಗೆಯಿಂದ. ಅಚ್ಚಿನಲ್ಲಿ ಹಲ್ಲು ಬದಲಾದದ್ದು ಅದಕ್ಕೆ ತಿಳಿಯದು. ನಿಜವಾಗಿ 40 ಮೈಲಿ ವೇಗದಲ್ಲಿ ಓಡುವಾಗ ಅದು 37 ಎನ್ನುತ್ತದೆ. ಹಿಂದೆ ನಡೆದ ಬದಲಾವಣೆಯನ್ನರಿಯದೆ ಹಳೆಯ ಲೆಕ್ಕವನ್ನೇ ಪ್ರಾಮಾಣಿಕವಾಗಿ ಒಪ್ಪಿಸುವ ಗುಮಾಸ್ತನಂತೆ. ವೇಗದ ಮಿತಿ ಮೀರಿ ದಂಡ ತೆರದಿರಲೆಂದು ನಾನು ಗಾಜಿನ ಮೇಲೆ 37ರ ಬಳಿ ಒಂದು ಕೆಂಪು ಚುಕ್ಕೆ ಇಟ್ಟುಕೊಂಡಿದ್ದೇನೆ. ಹಲ್ಲು ಬದಲಾಯಿಸಿದವರು ಮುಳ್ಳನ್ನೂ ತಿದ್ದಿಸಿಕೊಳ್ಳಬೇಕು, ಇಲ್ಲವೆ ನನ್ನಂತೆ ಗುರುತನ್ನಾದರೂ ಇಟ್ಟುಕೊಳ್ಳಬೇಕು.

ಊರಿಗೆ ಹೋಗಿ ಅಣ್ಣನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋದೆ. ಹಿಂತಿರುಗುವಾಗ ಚಾರ್ಮಾಡಿಯ ಬುಡದಲ್ಲಿ ಅವನಿಗೇ ಕಾರು ಕೊಟ್ಟೆ. ನೀರು ಜಿನುಗುವ ಆ ತಿರುವು ಬಂತು. ನಿಲ್ಲಿಸಿ ನೀರು ಹಾಕಿ ಹೊರಟೆವು. ಅದರಾಚೆಯ ಏರಿನಲ್ಲಿ ಅಣ್ಣ ಮೂರನೆಯ ಗೇರು ಹಾಕಿದ. ಕಾರು ಸ್ವಲ್ಪ ದೂರ ಎಳೆಯಿತು. ಆಮೇಲೆ ಎಂಜಿನ್ನು ಏದುಸಿರು ಬಿಡತೊಡಗಿತು. ಅವನು ಎರಡನೆಯ ಗೇರಿಗೆ ಇಳಿಸಿದ. ಕಾರು ನಿಧಾನವಾಗಿ, ಗಟ್ಟಿಯಾಗಿ ಸದ್ದು ಮಾಡುತ್ತ ಹತ್ತಿತು. ಅವನು ಹೇಳಿದ್ದೇ ನಿಜವಾಗಿತ್ತು. 'ನೋಡಿದೆಯಾ' ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ಅವನು ಹೇಳದಿದ್ದದ್ದೇ ನನಗೆ ಹೆಚ್ಚು ಭಾರವಾಯಿತು. ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಂತಾಗ, 1996ರ ಎಣ್ಣೆಯ ಕಥೆಯನ್ನು ಅವನಿಗೆ ಹೇಳಿದೆ. ಇಪ್ಪತ್ತಮೂರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು.

ಅಣ್ಣ ಲೋಟ ಕೆಳಗಿಟ್ಟ. 'ನನಗೆ ಗೊತ್ತಿತ್ತು' ಎಂದ. ನಾನು ಆ ಸಲ ಊರಿಗೆ ಹೋಗಿದ್ದಾಗ ಅಂಗಳದಲ್ಲಿ ಕಾರಿನ ಹಿಂಭಾಗದಿಂದ ನಾಲ್ಕು ಹನಿ ಎಣ್ಣೆ ಸೋರಿತ್ತಂತೆ. ಅವನು ಬೆರಳಿನಲ್ಲಿ ಮುಟ್ಟಿ ಮೂಸಿ ನೋಡಿದನಂತೆ. ಗಂಧಕದ ವಾಸನೆ ಇರಲಿಲ್ಲ. 'ಮತ್ತೆ ಏಕೆ ಹೇಳಲಿಲ್ಲ?' ಎಂದು ಕೇಳಿದೆ. 'ಕಾರು ನಿನ್ನದಾಗಿತ್ತು. ಪಾಲಾದ ಮೇಲೆ ತಮ್ಮನ ಪಾಲಿನ ವಸ್ತುವಿಗೆ ಹೆಸರಿಡುತ್ತಾನೆ ಎಂದು ನಿನಗನಿಸೀತೆಂದು ಸುಮ್ಮನಾದೆ. ಹೇಳಿದ್ದರೆ ಹಲ್ಲು ಉಳಿಯುತ್ತಿತ್ತು' ಎಂದ.

ಒಬ್ಬನು ತಪ್ಪು ಮಾಡಿ ಸುಮ್ಮನಿದ್ದ. ಇನ್ನೊಬ್ಬನು ತಪ್ಪನ್ನು ಕಂಡು ಸುಮ್ಮನಿದ್ದ. ಇಬ್ಬರಿಗೂ ನೋವಾಗಬಾರದೆಂಬ ಮರ್ಯಾದೆಯೇ ಕಾರಣ. ಆ ಮರ್ಯಾದೆಯ ನಡುವೆ ಸಿಕ್ಕಿ, ಅರುವತ್ತು ವರ್ಷ ಬಾಳಬಹುದಾಗಿದ್ದ ಉಕ್ಕು ಎರಡೇ ವರ್ಷಗಳಲ್ಲಿ ತೇದುಹೋಯಿತು. ಒತ್ತಡದಲ್ಲಿ ಒಂದರ ಮೇಲೊಂದು ಜಾರುವ ವಸ್ತುಗಳ ನಡುವೆ ತಕ್ಕ ಎಣ್ಣೆ ಇರಬೇಕು. ಅದು ಘಾಟಾಗಿದ್ದರೂ ಚಿಂತೆಯಿಲ್ಲ. ಅಣ್ಣತಮ್ಮಂದಿರ ನಡುವಿನ ಮಾತಿನ ವಿಷಯದಲ್ಲಿಯೂ ಇದು ದಿಟವೆಂದು ನನಗನ್ನಿಸುತ್ತದೆ.

ಹಳೆಯ ಡಿಫರೆನ್ಷಿಯಲ್ಲನ್ನು ಅಣ್ಣ ಊರಿಗೆ ತರಿಸಿಕೊಂಡ. ಸೀಮೆಯೆಣ್ಣೆಯಲ್ಲಿ ತೊಳೆದು, ತಂದೆಯವರ ಎಣ್ಣೆಯ ಡಬ್ಬಿಯ ಪಕ್ಕದಲ್ಲಿ ಅಟ್ಟದ ಮೇಲೆ ಇಟ್ಟಿದ್ದಾನೆ. 9 ಮತ್ತು 41ರ ಜೋಡಿ ಎಂದಾದರೂ ಸಿಕ್ಕಿದರೆ ಅದರ ಗೂಡಿಗೇ ಕೂರಿಸಿ ಮತ್ತೆ ಕಾರಿಗೆ ಹಾಕಬಹುದೆಂದು ಅವನ ಆಸೆ. ಇಂಗ್ಲೆಂಡಿನ ಶಿಷ್ಯನಿಗೆ ನಾನೂ ಬರೆದಿದ್ದೇನೆ. ಅಲ್ಲಿಯವರೆಗೆ ಚಾರ್ಮಾಡಿಯನ್ನು ಎರಡನೆಯ ಗೇರಿನಲ್ಲಿ ಹತ್ತುತ್ತೇವೆ. ನಿಧಾನವಾಗುವುದು ನಿಜ; ಆದರೆ ಈಗ ಆ ಏರಿನಲ್ಲಿ ನಾವಿಬ್ಬರೂ ಮಾತನಾಡುತ್ತ ಹೋಗುತ್ತೇವೆ, ಹೊತ್ತು ಹೋದದ್ದು ತಿಳಿಯುವುದಿಲ್ಲ.

ನಿಮ್ಮ ಮನೆಯಲ್ಲಿ ಹಳೆಯ ಕಾರೊಂದಿದ್ದರೆ, ಈ ಭಾನುವಾರ ಅದರ ಹಿಂದಿನ ಅಚ್ಚಿನ ತಿರುಪನ್ನು ತೆಗೆದು ಕಿರುಬೆರಳಿನಿಂದ ಎಣ್ಣೆಯ ಮಟ್ಟವನ್ನು ನೋಡಿ. ಬೆರಳನ್ನು ಮೂಸಿಯೂ ನೋಡಿ. ಅನುಮಾನವೇನಾದರೂ ಬಂದರೆ ಅಂದೇ ಬಾಯಿಬಿಟ್ಟು ಹೇಳಿ.